ಗೇರಿನ ಹಲ್ಲು

ಹುಬ್ಬಳ್ಳಿಯ ಗೋಕುಲ ರಸ್ತೆಯ ವರ್ಕ್‌ಶಾಪಿನಲ್ಲಿ ಇವತ್ತು ಟ್ರ್ಯಾಕ್ಟರ್ ಗೇರಿನ ಮುರಿದ ಹಲ್ಲೊಂದು ಕೈಗೆ ಸಿಕ್ಕಿತು. ಮುರಿದ ಕಡೆ ಅಂಚಿನ ಸುತ್ತ ಸುಮಾರು ಒಂದು ಮಿಲಿಮೀಟರ್ ನಯವಾದ ಬೂದು ಪಟ್ಟಿ, ಒಳಗೆಲ್ಲ ಒರಟು. ಆ ಪಟ್ಟಿಯೇ ಕೇಸ್ ಹಾರ್ಡನಿಂಗ್, ಅಂದ್ರೆ ಉಕ್ಕಿನ ಮೇಲ್ಪದರವನ್ನಷ್ಟೇ ಗಟ್ಟಿ ಮಾಡಿದ್ದರ ಗುರುತು. ಅರ ಹಾಕಿದರೆ ಜಾರುತ್ತದೆ, ಗೀರೂ ಬೀಳಲ್ಲ.

ಶೇ. 0.2ರಷ್ಟೇ ಕಾರ್ಬನ್ ಇರುವ ಉಕ್ಕನ್ನು ಕಾರ್ಬನ್ ಕೊಡುವ ಅನಿಲದಲ್ಲಿ 900ರಿಂದ 950 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಕಾರ್ಬನ್ ನಿಧಾನಕ್ಕೆ ಒಳಗಿಳಿಯುತ್ತದೆ, ಮೇಲ್ಪದರದಲ್ಲಿ ಶೇ. 0.8ರ ಹತ್ತಿರ ಬರುತ್ತದೆ. ಆಮೇಲೆ ಎಣ್ಣೆಯಲ್ಲಿ ಅದ್ದಿ ಬೇಗ ತಣಿಸುತ್ತಾರೆ, ಆಗ ಆ ಪದರ ಗಟ್ಟಿಯಾಗುತ್ತದೆ; ಕೊನೆಗೆ 150–200 ಡಿಗ್ರಿಯಲ್ಲಿ ಟೆಂಪರಿಂಗ್, ಅಂದ್ರೆ ಪೆಡಸುತನ ತಗ್ಗಿಸಲು ಮತ್ತೆ ಹದವಾಗಿ ಕಾಯಿಸೋದು.

ಪೂರ್ತಿ ಗಟ್ಟಿ ಮಾಡಿದರೆ ಇನ್ನೂ ಒಳ್ಳೇದಲ್ವಾ ಅಂತ ಜನ ಕೇಳುತ್ತಾರೆ. ಇಲ್ಲ. ನವಲಗುಂದದ ಎರೆ ಹೊಲದಲ್ಲಿ ನೇಗಿಲು ಸಿಕ್ಕಿಕೊಂಡಾಗ ಬೀಳುವ ಪೆಟ್ಟಿಗೆ ಅಂಥ ಹಲ್ಲು ಪಟ್ಟನೆ ಮುರಿಯುತ್ತದೆ. ಆ ಪೆಟ್ಟು ತಾಳೋದು ಒಳಗಿನ ಮೆದು ಉಕ್ಕು. ಕುಲುಮೆ ಮುಂದೆ ರಾತ್ರಿ ಪಾಳಿ ಮಾಡುವವರ ಈ ಕೆಲಸ ಯಾರ ಕಣ್ಣಿಗೂ ಬೀಳೋದಿಲ್ಲ, ಅದು ನನಗೆ ಬೇಜಾರು.

ಒಂದು ಮಾತು: ಸವೆದ ಹಲ್ಲಿಗೆ ಸುಮ್ನೆ ವೆಲ್ಡಿಂಗ್ ಹಾಕಿಸಬೇಡಿ. ಆ ಬಿಸಿಗೆ ಪಕ್ಕದ ಗಟ್ಟಿ ಪದರವೂ ಕೆಡುತ್ತದೆ.