ಗಾಳದವರಿಗೆ ಮಿತಿ ಬೇಡವಾ ಎಂದು ಕೇಳುವವರಿಗೆ

"ಬೋಟಿನವರಿಗೆ ಅಷ್ಟೆಲ್ಲ ಕಾನೂನು ಉಂಟು, ನಿಮಗೆ ಗಾಳದವರಿಗೆ ಮಾತ್ರ ಎಂಥದೂ ಇಲ್ಲ. ಇದು ನ್ಯಾಯವಾ ಮಾಸ್ಟ್ರೇ?"

ಶಿರಿಯ ಹೊಳೆಯ ಅಳಿವೆಯಲ್ಲಿ ಗಾಳ ಹಾಕಲು ಶುರು ಮಾಡಿ ಹದಿನೈದು ವರ್ಷ ಆಯಿತು. ಈ ಪ್ರಶ್ನೆ ಮದುವೆ ಊಟದ ಪಂಕ್ತಿಯಲ್ಲಿ ಬಂದಿದೆ, ಕುಂಬಳೆ ಬಸ್ ಸ್ಟ್ಯಾಂಡಿನಲ್ಲಿ ಬಂದಿದೆ, ಶಾಲೆಯ ಸ್ಟಾಫ್ ರೂಮಿನಲ್ಲಂತೂ ವರ್ಷ ವರ್ಷ ಬರುತ್ತದೆ. ಜೂನ್ ತಿಂಗಳಲ್ಲಿ ಜಾಸ್ತಿ. ಟ್ರಾಲಿಂಗ್, ಅಂದರೆ ಬೋಟಿನ ಹಿಂದೆ ಬಲೆ ಎಳೆದು ಮೀನು ಹಿಡಿಯುವುದು, ಅದರ ನಿಷೇಧದ ಸುದ್ದಿ ಪೇಪರಿನಲ್ಲಿ ಬರುತ್ತದೆ, ಮೀನಿನ ಕ್ರಯ ಏರುತ್ತದೆ, ಸೇತುವೆ ಹತ್ತಿರ ಗಾಳ ಹಿಡಿದು ನಿಂತ ನಾನು ಕಣ್ಣಿಗೆ ಬೀಳುತ್ತೇನೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳುವವರು ಇದನ್ನು ಓದಲಿ.

ಪ್ರಶ್ನೆಯ ಬುಡವೇ ಸರಿ ಇಲ್ಲ. ಬೋಟಿಗೆ ಇಷ್ಟೇ ಮೀನು ಎಂಬ ತೂಕದ ಮಿತಿ ನಮ್ಮಲ್ಲಿ ಎಲ್ಲಿಯೂ ಇಲ್ಲ. ಇರುವುದು ದಿನಗಳ ಲೆಕ್ಕ, ಬಲೆಯ ಕಣ್ಣಿನ ಲೆಕ್ಕ, ಮೀನಿನ ಉದ್ದದ ಲೆಕ್ಕ. ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲ್ ಬೋಟು ಕಡಲಿಗೆ ಇಳಿಯುವಂತಿಲ್ಲ. ತಲಪಾಡಿ ದಾಟಿದರೆ ಕರ್ನಾಟಕದಲ್ಲಿ ಜೂನ್ 1ರಿಂದಲೇ ಶುರು, 61 ದಿನ. ಮಂಜೇಶ್ವರದ ಎದುರು ಓಡಾಡುವ ಒಂದೇ ಬಂಗುಡೆ ಹಿಂಡಿಗೆ ಎರಡು ಕ್ಯಾಲೆಂಡರ್. ಆಗಸ್ಟ್ ಬಂದ ಮೇಲೆ ಒಂದು ಬೋಟು ಒಂದು ಟನ್ ತರಲಿ, ಹತ್ತು ಟನ್ ತರಲಿ, ಇಲ್ಲಿಗೆ ಸಾಕು ಎನ್ನುವ ಕಾನೂನು ಇಲ್ಲ. ಹೀಗಿರುವಾಗ "ಅವರಿಗೆ ಮಿತಿ ಉಂಟು, ನಿಮಗಿಲ್ಲ" ಎಂದು ನನ್ನ ಬಾಲ್ದಿಯೊಳಗೆ ಇಣುಕಿ ಹೇಳಿದರೆ ನನಗೆ ಸಿಟ್ಟು ಬರುತ್ತದೆ.

ತಲೆ ಲೆಕ್ಕದ ಮಿತಿ ಹಾಕಿದ ಕಡೆ ಏನಾಯಿತು ಎಂದೂ ನೋಡಬೇಕು. ಬ್ರಿಟನ್ ಸುತ್ತಿನ ಕಡಲಿನಲ್ಲಿ ಸೀ ಬಾಸ್ ಎಂಬ ಮೀನು ಕಡಿಮೆಯಾಯಿತು. 2017ಕ್ಕೆ ಯುರೋಪಿಯನ್ ಯೂನಿಯನ್ ಮಾಡಿದ ನಿಯಮ ಹೀಗಿತ್ತು: ಹವ್ಯಾಸಕ್ಕೆ ಗಾಳ ಹಾಕುವವನು ದಡದಲ್ಲಿ ನಿಂತರೂ ಸರಿ, ದೋಣಿಯಲ್ಲಿ ಕೂತರೂ ಸರಿ, ಮೊದಲ ಆರು ತಿಂಗಳು ಸಿಕ್ಕಿದ್ದನ್ನೆಲ್ಲ ನೀರಿಗೆ ಬಿಡಬೇಕು, ಉಳಿದ ಆರು ತಿಂಗಳು ದಿನಕ್ಕೆ ಒಂದೇ ಮೀನು. ಅದೇ ವರ್ಷ, ಅದೇ ಮೀನನ್ನು ಗಾಳದಲ್ಲೇ ಹಿಡಿದು ಮಾರುವ ಒಂದು ದೋಣಿಗೆ ವರ್ಷಕ್ಕೆ 10 ಟನ್. ಮಾರಿ ಬದುಕುವವನಿಗೆ ಹೆಚ್ಚು ಸಿಗಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಒಬ್ಬನಿಗೆ ಬೆರಳಲ್ಲಿ ಎಣಿಸುವಷ್ಟು, ಇನ್ನೊಬ್ಬನಿಗೆ ಟನ್ನಿನಲ್ಲಿ ತೂಗುವಷ್ಟು ಕೊಟ್ಟ ಮೇಲೆ ಇಬ್ಬರೂ ಸಮಾನವಾಗಿ ತ್ಯಾಗ ಮಾಡಿದ್ದಾರೆ ಎಂದು ಹೇಳಬಾರದು.

ಎರಡು ವರ್ಷದ ಹಿಂದಿನ ಆಗಸ್ಟಿನ ಮಾತು. ಬೋಟುಗಳು ಮತ್ತೆ ಇಳಿದು ಒಂದು ವಾರ ಆಗಿರಬೇಕು. ನನ್ನ ಭಾವ ಸೇತುವೆ ಹತ್ತಿರ ಕಾರು ನಿಲ್ಲಿಸಿ ನಾನು ನಿಂತಲ್ಲಿಗೆ ಇಳಿದು ಬಂದರು. ನನ್ನ ಬಾಲ್ದಿಯಲ್ಲಿ ಒಂದು ಕೆಂಬೇರಿ ಇತ್ತು. ನೋಡಿದವರೇ ಅದೇ ಪ್ರಶ್ನೆ ಎತ್ತಿದರು. ಅವರ ಕೈಯಲ್ಲಿ ಪೇಟೆಯಿಂದ ತಂದ ಮೀನಿನ ತೊಟ್ಟೆ.

"ಎಂಥ ಮೀನು ಭಾವ?"

"ಬಂಗುಡೆ ಮಾರಾಯ. ಸಣ್ಣದು, ಅಗ್ಗಕ್ಕೆ ಸಿಕ್ಕಿತು. ಗರಿಗರಿ ಹುರಿದರೆ ಮುಳ್ಳು ಸಮೇತ ತಿನ್ನಬಹುದು."

ನನ್ನ ಚೀಲದಲ್ಲಿ ಶಾಲೆಯ ಪ್ಲಾಸ್ಟಿಕ್ ಸ್ಕೇಲ್ ಯಾವಾಗಲೂ ಇರುತ್ತದೆ. ಪೇಪರ್ ಹಾಸಿ ತೊಟ್ಟೆ ಬಿಚ್ಚಿದೆ. ಬೆನ್ನಿನ ಹಸಿರು ಗೆರೆ ಇನ್ನೂ ಮಾಸಿರಲಿಲ್ಲ. ಮೂತಿಯಿಂದ ಬಾಲದ ತುದಿಗೆ ಇಟ್ಟು ಒಂದೊಂದೇ ಅಳೆದೆ. ಹನ್ನೊಂದು. ಹನ್ನೊಂದೂವರೆ. ಹನ್ನೆರಡು. ಮತ್ತೆ ಹನ್ನೊಂದು. ಹೊಟ್ಟೆ ಒತ್ತಿದರೆ ಹೆಬ್ಬೆರಳಿಗೆ ಬರೀ ಚರ್ಮ. ಇಪ್ಪತ್ತು ಮೀನು ಅಳೆದೆ, ಒಂದೂ ಹದಿಮೂರು ದಾಟಲಿಲ್ಲ. ಕೇರಳದಲ್ಲಿ ಬಂಗುಡೆ 14 ಸೆಂಟಿಮೀಟರ್ ಆಗುವ ಮೊದಲು, ಬೂತಾಯಿ 10 ಆಗುವ ಮೊದಲು ಹಿಡಿಯಬಾರದು. 2015ರಲ್ಲಿ 14 ಜಾತಿಗೆ ಇಂಥ ಅಳತೆ ಗೊತ್ತುಮಾಡಿದರು, 2017ರಲ್ಲಿ ಅದನ್ನು 58 ಜಾತಿಗೆ ವಿಸ್ತರಿಸಿದರು. ಕೊಚ್ಚಿಯ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಪ್ರತಿ ಜಾತಿಯ ಮೀನು ಯಾವ ಗಾತ್ರದಲ್ಲಿ ಬಲಿಯುತ್ತದೆ ಎಂದು ನೋಡಿ ಕೊಟ್ಟ ಅಳತೆ ಅದು.

ಭಾವ ತಂದದ್ದು ಎರಡು ಕಿಲೋ. ಅಂಥ ಬಂಗುಡೆ ಕಿಲೋಗೆ ಐವತ್ತಕ್ಕೂ ಹೆಚ್ಚು ಬೀಳುತ್ತದೆ. ಬೆಳೆಯಲು ಬಿಟ್ಟಿದ್ದರೆ ಕಿಲೋಗೆ ಹತ್ತು ಸಾಕು. ಒಂದು ಮನೆಯ ಒಂದು ದಿನದ ಹುರಿಯುವ ಮೀನಿಗೆ ನೂರಕ್ಕೂ ಮಿಕ್ಕಿ ಮರಿಗಳು ಹೋದವು. ಇದಾದರೂ ಮನುಷ್ಯ ತಿಂದ ಮೀನು. ತಿನ್ನಲಿಕ್ಕೂ ಆಗದಷ್ಟು ಚಿಕ್ಕದು ಲಾರಿ ಹತ್ತಿ ಮೀನುಹಿಟ್ಟಿನ ಕಾರ್ಖಾನೆಗೆ ಹೋಗುತ್ತದೆ, ಕೋಳಿಗೂ ಸಾಕುವ ಸಿಗಡಿಗೂ ಆಹಾರವಾಗಿ. "ಈಗ ಹೇಳಿ ಭಾವ, ಮಿತಿ ಎಲ್ಲಿ ಬೇಕು?" ಎಂದೆ. ಅವರು ಸ್ಕೇಲನ್ನೇ ನೋಡುತ್ತಾ ನಿಂತರು. ಆಮೇಲೆ ಅಕ್ಕ ಫೋನ್ ಮಾಡಿ ನನಗೆ ಚೆನ್ನಾಗಿ ಬೈದಳು, ಮನೆಗೆ ತಂದ ಮೀನನ್ನು ದಾರಿಯಲ್ಲಿ ಬಿಚ್ಚಿ ಅವಮಾನ ಮಾಡಿದೆ ಎಂದು. ಅಕ್ಕನ ಬೈಗುಳ ನ್ಯಾಯವೇ. ಆದರೂ ಅಳೆದದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ.

ಮತ್ತಿ ಎಂದರೆ ಕೇರಳಕ್ಕೆ ಪ್ರಾಣ, ನಮ್ಮ ಮನೆಗಳಲ್ಲಿ ಅದೇ ಬೂತಾಯಿ. 2012ರಲ್ಲಿ ಕೇರಳದ ಕಡಲಿನಿಂದ ಸುಮಾರು 3.9 ಲಕ್ಷ ಟನ್ ಬಂದಿತ್ತು. 2021ರಲ್ಲಿ ಬಂದದ್ದು 3,297 ಟನ್. ಬಲೆಯೊಂದನ್ನೇ ದೂರುವಂತಿಲ್ಲ, ಕಡಲಿನ ಬಿಸಿ, ಮಳೆಯ ಏರುಪೇರು ಎಲ್ಲ ಸೇರಿಕೊಂಡಿತ್ತು. ಆಮೇಲೆ ಮೀನು ಚೇತರಿಸಿಕೊಂಡಿತು. ಆದರೆ ಆ ವರ್ಷ ನಮ್ಮ ಓಣಿಯಲ್ಲಿ ಬೂತಾಯಿಯ ಪುಳಿಮುಂಚಿ ಮಾಡಿದ ಮನೆ ಯಾವುದು ಎಂದು ವಾಸನೆಯಲ್ಲೇ ಗೊತ್ತಾಗುತ್ತಿತ್ತು, ಅಷ್ಟು ಅಪರೂಪ.

ಇಷ್ಟು ಹೇಳಿ ನಾನು ತಪ್ಪಿಸಿಕೊಳ್ಳುವವನಲ್ಲ. ಆ ದಿನ ಭಾವ ನನ್ನ ಬಾಲ್ದಿಯ ಕೆಂಬೇರಿಗೆ ಸ್ಕೇಲ್ ಇಡಲಿಲ್ಲ. ಇಡಬೇಕಿತ್ತು. ಅಳಿವೆಯಲ್ಲಿ, ಕಾಂಡ್ಲದ ಬೇರುಗಳ ಎಡೆಯಲ್ಲಿ ಇರುವ ಕೆಂಬೇರಿ ಎಳೆಯದು. ಬೆಳೆದ ಮೇಲೆ ಅದು ಕಡಲಿಗೆ ಇಳಿದು, ದೂರದ ಬಂಡೆಗಳತ್ತ ಹೋಗಿ ಅಲ್ಲಿ ಮೊಟ್ಟೆ ಇಡುತ್ತದೆ. ಅಂದರೆ ನಾನು ಹದಿನೈದು ವರ್ಷ ಹೊಳೆಯಲ್ಲಿ ಹಿಡಿದು ಸಾರು ಮಾಡಿದ ಕೆಂಬೇರಿಗಳಲ್ಲಿ ಹೆಚ್ಚಿನವು ಒಮ್ಮೆಯೂ ಮೊಟ್ಟೆ ಇಟ್ಟವಲ್ಲ. ಕಾಳಾಂಜಿಯದ್ದು ಇನ್ನೊಂದು ತರ. ಅದು ಹೆಚ್ಚಾಗಿ ಗಂಡಾಗಿ ಬಲಿತು, ಕೆಲವು ವರ್ಷ ಕಳೆದು ಹೆಣ್ಣಾಗುತ್ತದೆ. ದೊಡ್ಡದು ಸಿಕ್ಕಿತು ಎಂದು ಫೋಟೋ ತೆಗೆದು ಸ್ಟೇಟಸ್ ಹಾಕುವ ಮೀನು ಸಾಮಾನ್ಯವಾಗಿ ಹೆಣ್ಣೇ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಇದೇ ಮೀನಿಗೆ ಬ್ಯಾರಾಮುಂಡಿ ಎನ್ನುತ್ತಾರೆ. ಅಲ್ಲಿ 58 ಸೆಂಟಿಮೀಟರಿಗಿಂತ ಚಿಕ್ಕದನ್ನೂ ಇಟ್ಟುಕೊಳ್ಳಬಾರದು, 120ಕ್ಕಿಂತ ದೊಡ್ಡದನ್ನೂ ಇಟ್ಟುಕೊಳ್ಳಬಾರದು. ಮರಿಯೂ ಉಳಿಯಿತು, ತಾಯಿಯೂ ಉಳಿಯಿತು. ಗಾಳದವರಿಗೆ ಇಂಥ ಕಾನೂನು ಬಂದರೆ ನಾನು ಮೊದಲು ಒಪ್ಪುವವನು. ಬಲೆಗೆ ಸಿಕ್ಕಿದ ಮೀನು ಮೇಲೆ ಬರುವಾಗ ಹೆಚ್ಚಾಗಿ ಸತ್ತಿರುತ್ತದೆ. ಗಾಳದ ಮೀನು ಒದ್ದಾಡುತ್ತಾ ಕೈಗೆ ಬರುತ್ತದೆ, ಇಡುವುದೋ ಬಿಡುವುದೋ ಎಂದು ಯೋಚಿಸಲು ನನಗೆ ಅರ್ಧ ನಿಮಿಷ ಸಿಗುತ್ತದೆ. ಆ ಅರ್ಧ ನಿಮಿಷದ ಬಗ್ಗೆ ಯಾರೂ ಕೇಳುವುದಿಲ್ಲ.

ಒಬ್ಬರು ಕೇಳುತ್ತಾರೆ. ಚಿಕ್ಕ ದೋಣಿಯಲ್ಲಿ ಗಾಳದ ಹಗ್ಗ ಹಿಡಿದು ಅಳಿವೆ ದಾಟಿ ಹೋಗುವ ಮುದುಕರು. ಅವರಿಗೆ ಅದೇ ಹೊಟ್ಟೆಪಾಡು. ಹವ್ಯಾಸದವನ ಮೇಲೆ ಹಾಕುವ ಮಿತಿಯನ್ನೇ ಅವರ ಮೇಲೂ ಹಾಕಬೇಕು ಎನ್ನುವವರ ಹತ್ತಿರ ನಾನು ಮಾತೇ ಆಡುವುದಿಲ್ಲ. ಸಂಜೆ ದಡಕ್ಕೆ ಬರುವಾಗ ಅವರು ನನ್ನ ಬಾಲ್ದಿ ನೋಡುವುದಿಲ್ಲ.

"ಬಿಟ್ಟದ್ದೆಷ್ಟು ಮಾಷೇ?" ಎನ್ನುತ್ತಾರೆ.

ಕಳೆದ ವಾರ "ಮೂರು" ಎಂದೆ. ಅವರು ಎರಡು ಬೆರಳು ಎತ್ತಿ ತೋರಿಸಿದರು. ಅದರಲ್ಲಿ ಒಂದು, ಅವತ್ತಿನ ಪೆಟ್ರೋಲಿನ ಖರ್ಚು ಹುಟ್ಟುವಷ್ಟು ಇತ್ತಂತೆ.