ಬ್ಲ್ಯಾಂಕ್ ನೀಲಿಯಾದ ದಿನ

ಬಿತ್ತನೆಗೆ ಇನ್ನೊಂದೇ ವಾರ ಬಾಕಿ ಇತ್ತು. ರೈತರೊಬ್ಬರು ತಂದುಕೊಟ್ಟ ಮಣ್ಣನ್ನು ನೆರಳಲ್ಲಿ ಒಣಗಿಸಿ, ಹೆಂಟೆ ಒಡೆದು, 2 ಮಿ.ಮೀ. ಜರಡಿ ಹಿಡಿದಿಟ್ಟಿದ್ದೆ. ರಸಸಾರ (ಪಿಎಚ್) 8ಕ್ಕಿಂತ ತುಸು ಮೇಲೆ. ಆಮ್ಲ ಹನಿಸಿದರೆ ಬುಸುಗುಟ್ಟುವ ಸುಣ್ಣದ ಮಣ್ಣು. ಇಂಥ ಮಣ್ಣಿನ ರಂಜಕ ಅಳೆಯಲು ಬ್ರೇ ವಿಧಾನ ಒಗ್ಗುವುದಿಲ್ಲ, ಅದರ ಆಮ್ಲವನ್ನೆಲ್ಲ ಸುಣ್ಣವೇ ಕುಡಿದುಬಿಡುತ್ತದೆ. ಹಾಗಾಗಿ ಓಲ್ಸೆನ್ ವಿಧಾನ.

ಎರಡೂವರೆ ಗ್ರಾಂ ಮಣ್ಣಿಗೆ 50 ಮಿ.ಲೀ. ಸೋಡಿಯಂ ಬೈಕಾರ್ಬೊನೇಟ್ ದ್ರಾವಣ, ಪಿಎಚ್ 8.5. ಅರ್ಧ ಗಂಟೆ ಶೇಕರ್ ಮೇಲೆ. ಮಣ್ಣಿನ ಸಾವಯವ ಅಂಶ ಕರಗಿ ದ್ರಾವಣ ಕಂದಾಗುತ್ತದೆ, ಆ ಬಣ್ಣ ಹೀರಲೆಂದು ಒಂದು ಚಮಚ ಇದ್ದಿಲ ಪುಡಿ. ಸೋಸಿ, ಆಮ್ಲ ಹಾಕಿ, ನೊರೆ ಇಳಿಯುವವರೆಗೆ ಕಾದು, ಕೊನೆಗೆ ಮಾಲಿಬ್ಡೇಟ್ ಮತ್ತು ಆಸ್ಕಾರ್ಬಿಕ್ ಆಮ್ಲ. ರಂಜಕ ಇದ್ದಷ್ಟೂ ನೀಲಿ ಗಾಢ. ಎಷ್ಟು ಸಲ ನೋಡಿದರೂ ಆ ನೀಲಿ ಮೂಡುವ ಗಳಿಗೆ ನನಗೆ ಇಷ್ಟ.

ಆ ದಿನ ಎಲ್ಲ ಫ್ಲಾಸ್ಕೂ ನೀಲಿಯಾದವು. ಹೋಲಿಕೆಗೆಂದು ಮಣ್ಣೇ ಹಾಕದೆ ಇಟ್ಟ ಬ್ಲ್ಯಾಂಕ್ ಕೂಡ.

ಬ್ಲ್ಯಾಂಕಿನ ರೀಡಿಂಗ್ ಕಳೆದರೆ ಆಯಿತಲ್ಲ ಎಂದರು ಜೊತೆಗಿದ್ದವರು. ಆದರೆ ಅದೇ ಮಣ್ಣಿನ ಎರಡು ಫ್ಲಾಸ್ಕುಗಳಲ್ಲಿ ಒಂದು ಕಿಲೋಗೆ 9 ಮಿ.ಗ್ರಾಂ. ಎಂದರೆ ಇನ್ನೊಂದು 14 ಎನ್ನುತ್ತಿತ್ತು. ಯಾವುದನ್ನು ನಂಬಿ ವರದಿ ಬರೆಯಲಿ? 14 ಎಂದು ಬರೆದರೆ ಸಾಕಷ್ಟಿದೆ ಎಂದುಕೊಂಡು ಆ ರೈತರು ಈ ಬೆಳೆಗೆ ರಂಜಕದ ಗೊಬ್ಬರವನ್ನೇ ಬಿಡುತ್ತಾರೆ.

ಮೊದಲು ಗಾಜಿನ ಮೇಲೆ ಅನುಮಾನ ಬಂತು. ತೊಳೆಯುವ ಪುಡಿಯಲ್ಲಿ ಫಾಸ್ಫೇಟ್ ಇದ್ದರೆ ಹೀಗಾಗುತ್ತದೆ. ಎಲ್ಲವನ್ನೂ ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಜಾಲಿಸಿ ಮತ್ತೆ ಬ್ಲ್ಯಾಂಕ್ ಮಾಡಿದೆ. ನೀಲಿಯೇ. ಆಮೇಲೆ ಇದ್ದಿಲು ಹಾಕದೆ ಒಂದು ಮಾಡಿದೆ. ನೀರಿನಷ್ಟು ತಿಳಿಯಾಗಿಯೇ ಉಳಿಯಿತು. ಹೊಸದಾಗಿ ಒಡೆದ ಡಬ್ಬಿಯ ಇದ್ದಿಲಲ್ಲೇ ರಂಜಕ! ಅದನ್ನು ತೂಗದೆ ಚಮಚದ ಅಂದಾಜಿನಲ್ಲಿ ಹಾಕುತ್ತಿದ್ದುದರಿಂದ ಒಂದೊಂದು ಫ್ಲಾಸ್ಕಿಗೆ ಒಂದೊಂದು ಲೆಕ್ಕ. ಬ್ಲ್ಯಾಂಕ್ ಕಳೆದಿದ್ದರೂ ತಪ್ಪು ಹೋಗುತ್ತಿರಲಿಲ್ಲ.

ಸಂಜೆಯೆಲ್ಲ ಇದ್ದಿಲನ್ನು ಬೈಕಾರ್ಬೊನೇಟಿನಲ್ಲೂ ಬಟ್ಟಿ ಇಳಿಸಿದ ನೀರಿನಲ್ಲೂ ತೊಳೆದೆ. ತೊಳೆದ ನೀರಿನಲ್ಲಿ ನೀಲಿ ಕಾಣದಾದ ಮೇಲೆ ಓವನ್ನಿನಲ್ಲಿ ಒಣಗಲಿಟ್ಟು ಮನೆಗೆ ಹೋದೆ. ಮರುದಿನ ಇದ್ದಿಲನ್ನು ತೂಗಿ ಹಾಕಿದೆ. ಎರಡು ಫ್ಲಾಸ್ಕುಗಳ ರೀಡಿಂಗ್: 4.1, 4.3. ರಂಜಕ ಕಡಿಮೆಯೇ.

ರೈತರಿಗೆ ಫೋನ್ ಮಾಡಿದಾಗ ಅವರು ಕೇಳಿದ್ದು ಒಂದೇ: "ಹಾಗಾದ್ರೆ ಹಾಕ್ಬೇಕಾ?"

ಹಾಕಲೇಬೇಕು ಎಂದೆ. ರಂಜಕ ಬಿದ್ದ ಜಾಗ ಬಿಟ್ಟು ಹೆಚ್ಚು ಕದಲುವುದಿಲ್ಲ. ಮೇಲೆ ಎರಚಬೇಡಿ, ಬಿತ್ತುವಾಗಲೇ ಬೀಜದ ಪಕ್ಕಕ್ಕೆ, ಸ್ವಲ್ಪ ಕೆಳಗೆ ಬೀಳುವಂತೆ ಕೊಡಿ.