ಹೆಸರಿನ ಮೇಲೊಂದು ಗೆರೆ

ಗುರುತು ಹಾಕಿಕೊಂಡಿದ್ದ ಕುದುರೆಯೊಂದನ್ನು ಪಶುವೈದ್ಯರು ಓಟದಿಂದ ಕೈಬಿಟ್ಟರೆಂದು ತಿಳಿದು, ಇಂದು ಬೆಳಿಗ್ಗೆ ರೇಸ್ ಪುಸ್ತಕದಲ್ಲಿ ಅದರ ಹೆಸರಿನ ಮೇಲೆ ಪೆನ್ಸಿಲಿನ ಗೆರೆ ಎಳೆಯುವಾಗ ಅಮೆರಿಕದ ಫೋರ್ಟೆ ಎಂಬ ಕುದುರೆ ನೆನಪಾಯಿತು.

2023ರ ಮೇ 6ರಂದು, ಅಲ್ಲಿನ ಹೆಸರಾಂತ ಓಟವಾದ ಕೆಂಟಕಿ ಡರ್ಬಿಯ ದಿನ ಬೆಳಿಗ್ಗೆಯೇ, ಗೆಲ್ಲುವ ಸಾಧ್ಯತೆ ಎಲ್ಲಕ್ಕಿಂತ ಹೆಚ್ಚೆಂದು ಎಣಿಸಿದ್ದ ಅದನ್ನು ಮುಂದಿನ ಬಲಗಾಲಿನ ಗೊರಸಿನ ನೋವಿಗಾಗಿ ವೈದ್ಯರು ತಡೆದರು. ವೈದ್ಯರು ತಡೆದ ಕುದುರೆಗಳ ಪಟ್ಟಿಗೆ ಸೇರಿದ ಮೇಲೆ ಅದು 14 ದಿನ ಓಡುವಂತಿರಲಿಲ್ಲ. ಹಾಗಾಗಿ ಎರಡು ವಾರದ ನಂತರದ ದೊಡ್ಡ ಓಟ ಪ್ರೀಕ್‌ನೆಸ್ ಕೂಡ ತಪ್ಪಿತು. ಆದರೂ ತನ್ನ ಹಿಂದಿನ ಓಟದ ಬಳಿಕ ಹತ್ತು ವಾರ ಓಡದೆಯೇ ಜೂನ್ 10ರ ಬೆಲ್ಮಾಂಟ್ ಓಟದಲ್ಲಿ ಎರಡನೆಯದಾಗಿ ಬಂದಿತು.

ತರಬೇತುದಾರ ಹಿಂತೆಗೆದುಕೊಂಡರೆ ಕಾರಣ ಮಳೆಯ ಕೆಸರೂ ಇರಬಹುದು. ವೈದ್ಯರು ತಡೆದರೆ ಹೆಚ್ಚಾಗಿ ಕಾಲಿನ ಮಾತೇ. ಅಂಥ ಕುದುರೆ ಮರಳಿದಾಗ ಬಾಜಿಯ ದರ ನೋಡುವ ಮೊದಲು ಬೆಳಗಿನ ತಾಲೀಮಿನ ದಿನಾಂಕಗಳನ್ನು ಎಣಿಸುತ್ತೇನೆ, ಓಟಕ್ಕೆ ಮುನ್ನ ಕುದುರೆಗಳನ್ನು ನಡೆಸುವ ಪ್ಯಾಡಕ್ಕಿನಲ್ಲಿ ಅದು ಕಾಲೂರುವ ಬಗೆಯನ್ನು ನೋಡುತ್ತೇನೆ.